ಪ್ರೀತಿ ಬೆನ್ನು ಹತ್ತಿದಾಗ: ಗೀಳಿನ ಥ್ರಿಲ್ಲರ್ ಚಿತ್ರಗಳ ಕುರಿತು ಓದುಗರ ಪ್ರಶ್ನೆಗಳು

ಒಲವೆಂದು ಶುರುವಾದದ್ದು ಗೀಳಾಗಿ ಬೆಳೆದು, ಕೊನೆಗೆ ಪ್ರಾಣಕ್ಕೇ ಎರವಾಗುವ ಕಥೆಗಳುಳ್ಳ ಥ್ರಿಲ್ಲರ್ ಚಿತ್ರಗಳ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣವನ್ನು ಮೀಸಲಿಟ್ಟಿದ್ದೇವೆ. ಉತ್ತರಿಸುವಾಗ ಕೆಲವು ಚಿತ್ರಗಳ ಕೊನೆಯನ್ನು ಹೇಳದೆ ವಿಧಿಯಿಲ್ಲ. ಆ ಚಿತ್ರಗಳನ್ನು ಇನ್ನೂ ನೋಡಿರದವರು ಇದನ್ನು ಗಮನದಲ್ಲಿಟ್ಟುಕೊಂಡು ಓದಬೇಕೆಂದು ವಿನಂತಿ.

ಪ್ರಶ್ನೆ: ಇಂಥ ಚಿತ್ರಗಳನ್ನು ಗಂಭೀರವಾಗಿ ನೋಡಬೇಕೆಂದುಕೊಂಡಿದ್ದೇನೆ. ಎಲ್ಲಿಂದ ಆರಂಭಿಸಲಿ? (ಪದವಿ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಆಲ್ಫ್ರೆಡ್ ಹಿಚ್‌ಕಾಕ್ ಅವರ 1958ರ ‘ವರ್ಟಿಗೋ’ದಿಂದ ಆರಂಭಿಸಿ. ಬ್ವಾಲೋ ಮತ್ತು ನಾರ್ಸೆಜಾಕ್ ಎಂಬ ಫ್ರೆಂಚ್ ಲೇಖಕರ ಜೋಡಿ ಬರೆದ ಕಾದಂಬರಿಯನ್ನು ಆಧರಿಸಿದ ಈ ಚಿತ್ರಕ್ಕೆ ಬಿಡುಗಡೆಯ ಕಾಲದಲ್ಲಿ ಮಿಶ್ರ ಪ್ರತಿಕ್ರಿಯೆಯಷ್ಟೇ ದೊರಕಿತ್ತು. ಆದರೆ 2012ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರ ನಡುವೆ ನಡೆಸಿದ ಮತಗಣನೆಯಲ್ಲಿ ಅದು ‘ಸಿಟಿಜನ್ ಕೇನ್’ ಚಿತ್ರವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು.

ಸ್ಯಾನ್ ಫ್ರಾನ್ಸಿಸ್ಕೋದ ನಿವೃತ್ತ ಪತ್ತೇದಾರ ಸ್ಕಾಟಿಯ ಪಾತ್ರದಲ್ಲಿ ಜೇಮ್ಸ್ ಸ್ಟೂವರ್ಟ್ ಇದ್ದಾರೆ. ಗೆಳೆಯನ ಹೆಂಡತಿಯ ಮೇಲೆ ಕಣ್ಣಿಡುವ ಕೆಲಸವನ್ನು ಒಪ್ಪಿಕೊಂಡ ಅವನು ಹೂವಿನ ಅಂಗಡಿ, ಸಮಾಧಿಸ್ಥಳ, ಕಲಾಸಂಗ್ರಹಾಲಯ ಎಂದು ಅವಳ ಕಾರಿನ ಹಿಂದೆಯೇ ಸುತ್ತುತ್ತಾನೆ. ಹೆಚ್ಚುಕಡಿಮೆ ಮಾತೇ ಇಲ್ಲದ ಈ ಭಾಗದಲ್ಲಿ ನಾವೂ ಅವನ ಪಕ್ಕದ ಸೀಟಿನಲ್ಲಿ ಕುಳಿತಿರುತ್ತೇವೆ. ಬರ್ನಾರ್ಡ್ ಹರ್ಮನ್ ಅವರ ಸಂಗೀತ ನಮ್ಮನ್ನು ಅವನ ಮನಸ್ಸಿನೊಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಒಬ್ಬ ಹೆಣ್ಣನ್ನು ಗುಟ್ಟಾಗಿ ಹಿಂಬಾಲಿಸುವುದು ತಪ್ಪು ಎಂಬ ಯೋಚನೆ ಆ ಹೊತ್ತಿನಲ್ಲಿ ನಮಗೆ ಬರುವುದೇ ಇಲ್ಲ.

ಆ ಹೆಣ್ಣು ಸತ್ತಳೆಂದು ನಂಬಿ ಕಂಗೆಟ್ಟ ಸ್ಕಾಟಿ ಮುಂದೊಂದು ದಿನ ಬೀದಿಯಲ್ಲಿ ಅವಳನ್ನೇ ಹೋಲುವ ಜೂಡಿಯನ್ನು ಕಾಣುತ್ತಾನೆ. ಎರಡೂ ಪಾತ್ರಗಳಲ್ಲಿ ಕಿಮ್ ನೋವಾಕ್ ನಟಿಸಿದ್ದಾರೆ. ಸ್ಕಾಟಿ ಜೂಡಿಯ ಕೋಣೆಯಿಂದ ಹೊರಹೋದ ಕೂಡಲೇ ಅವಳು ಕ್ಯಾಮೆರಾದತ್ತ ಮುಖ ತಿರುಗಿಸುತ್ತಾಳೆ. ಗೆಳೆಯ ತನ್ನ ಹೆಂಡತಿಯನ್ನು ಕೊಲ್ಲಲು ಹೂಡಿದ ಸಂಚಿನಲ್ಲಿ ಆ ಹೆಂಡತಿಯಾಗಿ ನಟಿಸಿದ್ದವಳು ಜೂಡಿಯೇ ಎಂಬುದು ಅವಳ ನೆನಪಿನ ಮೂಲಕ ನಮಗೆ ತಿಳಿಯುತ್ತದೆ. ಅವಳು ತಪ್ಪೊಪ್ಪಿಗೆಯ ಪತ್ರವೊಂದನ್ನು ಬರೆದು ಹರಿದು ಹಾಕುತ್ತಾಳೆ. ಕಥೆ ಇನ್ನೂ ಸಾಕಷ್ಟು ಉಳಿದಿರುವಾಗಲೇ ರಹಸ್ಯವನ್ನು ಹೀಗೆ ಬಿಟ್ಟುಕೊಡಬೇಕೇ ಎಂಬ ಚರ್ಚೆ ಬಿಡುಗಡೆಗೆ ಮುನ್ನ ನಡೆದಿತ್ತು. ಆ ದೃಶ್ಯ ಉಳಿದದ್ದೇ ಈ ಚಿತ್ರದ ಭಾಗ್ಯವೆಂದು ನಾನು ನಂಬಿದ್ದೇನೆ. ಸ್ಕಾಟಿ ಜೂಡಿಯನ್ನು ಬಟ್ಟೆಯಂಗಡಿಗೆ ಕರೆದೊಯ್ದು, ಸತ್ತವಳು ಉಡುತ್ತಿದ್ದಂಥ ಬೂದು ಬಣ್ಣದ ಉಡುಪೇ ಬೇಕೆಂದು ಹಟ ಹಿಡಿಯುವಾಗ, ಅವಳ ಕೂದಲಿಗೆ ಬಣ್ಣ ಹಾಕಿಸುವಾಗ, ಅದನ್ನು ತುರುಬು ಕಟ್ಟಿಲ್ಲವೆಂದು ಮತ್ತೆ ಸ್ನಾನದ ಕೋಣೆಗೆ ಕಳುಹಿಸುವಾಗ, ನಾವು ಆ ದೃಶ್ಯಗಳನ್ನು ಅವಳ ಕಡೆಯಿಂದ ನೋಡುತ್ತಿರುತ್ತೇವೆ. ಹೋಟೆಲಿನ ಹೊರಗಿನ ನಿಯಾನ್ ಫಲಕದ ಹಸಿರು ಬೆಳಕಿನಲ್ಲಿ ಅವಳು ಸತ್ತವಳ ರೂಪದಲ್ಲಿ ಹೊರಬರುತ್ತಾಳೆ. ಅವನಿಗೆ ಅದು ಕಳೆದುಹೋದ ಪ್ರೇಯಸಿ ಮರಳಿ ಬಂದ ಕ್ಷಣ. ಅವಳು ತಾನು ತಾನಾಗಿ ಪ್ರೀತಿಸಲ್ಪಡುವ ಆಸೆಯನ್ನು ಕೈಬಿಟ್ಟದ್ದೂ ಅದೇ ಕ್ಷಣದಲ್ಲಿ.

ಈ ಬಗೆಯ ಯಾವುದೇ ಚಿತ್ರವನ್ನು ನೋಡುವಾಗ, ಗೀಳಿಗೆ ಗುರಿಯಾದವರ ಕಣ್ಣಿನಿಂದ ಕಥೆಯನ್ನು ನೋಡುವ ಅವಕಾಶ ನಮಗೆ ಎಂದಾದರೂ ಸಿಕ್ಕಿತೇ ಎಂದು ಗಮನಿಸಿ. ಬೆನ್ನು ಹತ್ತಿದವನ ಕಣ್ಣಿನಿಂದ ಕದಲದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಪ್ರಶ್ನೆ: ಹಿಂದಿಯ ‘ಡರ್’ ಮತ್ತು ಕನ್ನಡದ ‘ಪ್ರೀತ್ಸೆ’ ಚಿತ್ರಗಳಲ್ಲಿ ಪೀಡಿಸುವವನ ಮೇಲೆಯೇ ಪ್ರೇಕ್ಷಕರಿಗೆ ಅಭಿಮಾನ ಹುಟ್ಟಿತು. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಹುಡುಗರು ಆ ಪಾತ್ರಗಳ ಮಾತನ್ನೇ ಅನುಕರಿಸುತ್ತಿದ್ದರು. ಇದಕ್ಕೆ ಕಾರಣವೇನು? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ತಾವು ಕೇಳಿರುವುದು ಬಹುಮುಖ್ಯವಾದ ಪ್ರಶ್ನೆ. ಯಶ್ ಚೋಪ್ರಾ ನಿರ್ದೇಶನದ ‘ಡರ್’ 1993ರ ಡಿಸೆಂಬರಿನಲ್ಲಿ ತೆರೆಕಂಡಿತು. ಜೂಹಿ ಚಾವ್ಲಾ ನಾಯಕಿ, ಅವರನ್ನು ವರಿಸುವ ನೌಕಾಪಡೆಯ ಅಧಿಕಾರಿಯಾಗಿ ಸನ್ನಿ ಡಿಯೋಲ್, ಬೆನ್ನು ಹತ್ತುವ ಯುವಕನಾಗಿ ಶಾರುಖ್ ಖಾನ್. 2000ದಲ್ಲಿ ಡಿ. ರಾಜೇಂದ್ರ ಬಾಬು ಅವರು ಇದೇ ಕಥೆಯನ್ನು ಶಿವರಾಜ್‌ಕುಮಾರ್, ಉಪೇಂದ್ರ ಮತ್ತು ಸೋನಾಲಿ ಬೇಂದ್ರೆ ಅವರೊಂದಿಗೆ ‘ಪ್ರೀತ್ಸೆ’ಯಾಗಿ ಕನ್ನಡಕ್ಕೆ ತಂದರು. ಗೀಳಿನ ಪಾತ್ರ ಉಪೇಂದ್ರ ಅವರದಾಗಿತ್ತು.

ನಟರ ಪ್ರತಿಭೆ ಒಂದು ಕಾರಣವೆಂಬುದು ನಿಜ. ಅದಕ್ಕಿಂತ ದೊಡ್ಡ ಕಾರಣ ಹಾಡು ಎಂದು ನನಗೆ ತೋರುತ್ತದೆ. ‘ಡರ್’ ಚಿತ್ರದ ಆರಂಭವನ್ನು ನೆನಪಿಸಿಕೊಳ್ಳಿ. ಉದಿತ್ ನಾರಾಯಣ್ ದನಿಯಲ್ಲಿ ಶಿವ್-ಹರಿ ಜೋಡಿಯ ಇಂಪಾದ ಹಾಡೊಂದು ಕೇಳಿಬರುತ್ತದೆ. ಹಾಡುತ್ತಿರುವವನು ಮರೆಯಲ್ಲಿದ್ದಾನೆ. ಅದು ತನ್ನ ಪ್ರಿಯಕರನೇ ಇರಬೇಕೆಂದುಕೊಂಡ ನಾಯಕಿ ನಗುತ್ತಾ ಅವನನ್ನು ಹುಡುಕುತ್ತಾಳೆ. ನಮ್ಮ ಸಿನಿಮಾದಲ್ಲಿ ಪ್ರೇಮಗೀತೆ ಯಾರ ಬಾಯಿಂದ ಬರುತ್ತದೆಯೋ ಅವನೇ ನಾಯಕ ಎಂಬುದು ದಶಕಗಳಿಂದ ಪ್ರೇಕ್ಷಕರ ಕಿವಿಗೆ ರೂಢಿಯಾಗಿರುವ ಸಂಗತಿ. ಹಾಗಾಗಿ ಕಥೆ ಅವನನ್ನು ಅಪಾಯಕಾರಿಯೆಂದು ಸಾರುವ ಮೊದಲೇ ಸಂಗೀತ ಅವನನ್ನು ಪ್ರೇಮಿಯೆಂದು ನಮಗೆ ಪರಿಚಯಿಸಿಬಿಟ್ಟಿರುತ್ತದೆ. ತಾಯಿಯನ್ನು ಕಳೆದುಕೊಂಡು, ಅವಳು ಬದುಕಿರುವಳೆಂಬಂತೆ ದೂರವಾಣಿಯಲ್ಲಿ ಮಾತನಾಡುವ ಅವನ ಒಂಟಿತನವನ್ನು ಚಿತ್ರ ಹತ್ತಿರದಿಂದ ತೋರಿಸುತ್ತದೆ. ಎದೆಯ ಮೇಲೆ ಅವಳ ಹೆಸರನ್ನು ಚಾಕುವಿನಿಂದ ಕೊರೆದುಕೊಳ್ಳುವ ನೋವನ್ನೂ ತೋರಿಸುತ್ತದೆ. ಅವಳ ಪಾಲಿಗೆ ಉಳಿಯುವುದು ಬೆಚ್ಚಿಬೀಳುವುದು, ಓಡುವುದು, ಗಂಡನ ತೋಳಿಗೆ ಒರಗುವುದು ಮಾತ್ರ. ಫೋನ್ ಗಂಟೆ ಬಾರಿಸುವಾಗಲೆಲ್ಲ ನಡುಗುವ ಆ ಹೆಣ್ಣುಮಗಳು ಬೇರೆ ಹೊತ್ತಿನಲ್ಲಿ ಏನು ಯೋಚಿಸುತ್ತಾಳೆ, ಏನನ್ನು ಕಳೆದುಕೊಂಡಿದ್ದಾಳೆ ಎಂಬುದಕ್ಕೆ ಚಿತ್ರದಲ್ಲಿ ಜಾಗ ತೀರ ಕಡಿಮೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಹತ್ತಿರದಲ್ಲೇ ಇದೆ. ಮರುವರ್ಷ, 1994ರಲ್ಲಿ ರಾಹುಲ್ ರವೈಲ್ ನಿರ್ದೇಶಿಸಿದ ‘ಅಂಜಾಮ್’ ಬಂತು. ಬೆನ್ನು ಹತ್ತುವವನು ಮತ್ತೆ ಶಾರುಖ್ ಖಾನ್ ಅವರೇ. ಆದರೆ ಕಥೆ ಮಾಧುರಿ ದೀಕ್ಷಿತ್ ಅವರ ಪಾತ್ರದ ಜೊತೆಗೆ ಸಾಗುತ್ತದೆ. ಅವಳ ಸಂಸಾರ ಒಂದೊಂದಾಗಿ ಕುಸಿಯುವುದನ್ನು ನಾವು ಅವಳ ಪಕ್ಕದಲ್ಲಿ ನಿಂತು ನೋಡುತ್ತೇವೆ. ಆ ಚಿತ್ರ ನೋಡಿ ಅವನ ಮೇಲೆ ಮರುಗಿದವರು ವಿರಳ. ಅದೇ ನಟ, ಅದೇ ಬಗೆಯ ಪಾತ್ರ, ಆದರೂ ಪರಿಣಾಮ ಬೇರೆಯಾಯಿತೆಂದರೆ ವ್ಯತ್ಯಾಸ ತಂದದ್ದು ನಿರೂಪಣೆಯೇ. ತಮ್ಮ ವಿದ್ಯಾರ್ಥಿಗಳು ಅನುಕರಿಸಿದ್ದಕ್ಕೆ ಅವರನ್ನಷ್ಟೇ ದೂರುವಂತಿಲ್ಲ. ಯಾರನ್ನು ಪ್ರೀತಿಸಬೇಕೆಂದು ಚಿತ್ರ ಅವರಿಗೆ ಕಲಿಸಿತ್ತೋ ಅವನನ್ನೇ ಅವರು ಪ್ರೀತಿಸಿದರು.

ಪ್ರಶ್ನೆ: ‘ಫೇಟಲ್ ಅಟ್ರಾಕ್ಷನ್’ ಚಿತ್ರಕ್ಕೆ ಮೊದಲು ಬೇರೆಯೇ ಕ್ಲೈಮ್ಯಾಕ್ಸ್ ಇತ್ತೆಂದು ಕೇಳಿದ್ದೇನೆ. ನಿಜವೇ? (ಬ್ಯಾಂಕ್ ಉದ್ಯೋಗಿ, ಉಡುಪಿ)

ಉತ್ತರ: ನಿಜ. ಏಡ್ರಿಯನ್ ಲೈನ್ ನಿರ್ದೇಶಿಸಿದ ಈ ಚಿತ್ರ 1987ರದು. ಜೇಮ್ಸ್ ಡಿಯರ್ಡನ್ ತಾವೇ ಮಾಡಿದ್ದ ಕಿರುಚಿತ್ರವೊಂದನ್ನು ವಿಸ್ತರಿಸಿ ಇದರ ಚಿತ್ರಕಥೆ ಬರೆದರು. ಹೆಂಡತಿ ಮಗಳು ಊರಲ್ಲಿಲ್ಲದ ವಾರಾಂತ್ಯದಲ್ಲಿ ವಕೀಲ ಡ್ಯಾನ್ (ಮೈಕೇಲ್ ಡಗ್ಲಸ್) ಅಲೆಕ್ಸ್ (ಗ್ಲೆನ್ ಕ್ಲೋಸ್) ಎಂಬವಳೊಂದಿಗೆ ಸಂಬಂಧ ಬೆಳೆಸುತ್ತಾನೆ. ಸೋಮವಾರ ಬಂದಾಗ ಎಲ್ಲವೂ ಮುಗಿಯಿತೆಂದು ಅವನು ಭಾವಿಸುತ್ತಾನೆ, ಅವಳು ಭಾವಿಸುವುದಿಲ್ಲ.

ಮೊದಲು ಚಿತ್ರೀಕರಿಸಿದ ಕೊನೆಯಲ್ಲಿ ಅಲೆಕ್ಸ್ ತನ್ನ ಕತ್ತನ್ನು ತಾನೇ ಕುಯ್ದುಕೊಂಡು ಸಾಯುತ್ತಾಳೆ. ಆ ಚಾಕುವಿನ ಮೇಲೆ ಡ್ಯಾನ್‌ನ ಬೆರಳಚ್ಚು ಇರುವುದರಿಂದ ಪೊಲೀಸರು ಅವನನ್ನು ಹಿಡಿದೊಯ್ಯುತ್ತಾರೆ. ಅವಳಿಗೆ ಪ್ರಿಯವಾದ, ಪುಚ್ಚೀನಿಯ ‘ಮದಾಮಾ ಬಟರ್‌ಫ್ಲೈ’ ಗೀತನಾಟಕ ಆ ಸಾವಿನ ಹಿನ್ನೆಲೆಯಲ್ಲಿತ್ತು. ನಂಬಿ ಕೈಬಿಡಲ್ಪಟ್ಟ ಹೆಣ್ಣೊಬ್ಬಳು ಪ್ರಾಣ ಕಳೆದುಕೊಳ್ಳುವ ಕಥೆ ಅದು. ಚಿತ್ರದ ನಡುವೆ ಅಲೆಕ್ಸ್ ನೆಲದ ಮೇಲೆ ಕುಳಿತು ಇದೇ ಸಂಗೀತ ಕೇಳುತ್ತಾ, ಮೇಜಿನ ದೀಪವನ್ನು ಆರಿಸುವುದು, ಹೊತ್ತಿಸುವುದು, ಮತ್ತೆ ಆರಿಸುವುದು ಮಾಡುವ ದೃಶ್ಯ ಇಂದಿಗೂ ಉಳಿದಿದೆ. ಆ ದೃಶ್ಯಕ್ಕೆ ಕಟ್ಟಿದ್ದ ಉತ್ತರಾರ್ಧ ಮಾತ್ರ ಕಳೆದುಹೋಯಿತು. ಏಕೆಂದರೆ ಪರೀಕ್ಷಾ ಪ್ರದರ್ಶನಗಳಲ್ಲಿ ಪ್ರೇಕ್ಷಕರು ಈ ಕೊನೆಯನ್ನು ಒಪ್ಪಲಿಲ್ಲ, ಅವರಿಗೆ ಅಲೆಕ್ಸ್‌ಗೆ ಶಿಕ್ಷೆಯಾಗುವುದು ಬೇಕಿತ್ತು. ಹಾಗಾಗಿ ಅವಳು ಚಾಕು ಹಿಡಿದು ಮನೆಗೆ ನುಗ್ಗುವ, ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತಳೆನ್ನುವಷ್ಟರಲ್ಲಿ ಮೇಲೇಳುವ, ಹೆಂಡತಿಯ ಗುಂಡಿಗೆ ಬಲಿಯಾಗುವ ಹೊಸ ಕ್ಲೈಮ್ಯಾಕ್ಸ್ ಚಿತ್ರೀಕರಿಸಲಾಯಿತು. ಪಾತ್ರವನ್ನು ಅರಿಯಲು ಮನೋವೈದ್ಯರೊಂದಿಗೆ ಚರ್ಚಿಸಿದ್ದ ಗ್ಲೆನ್ ಕ್ಲೋಸ್ ಈ ಬದಲಾವಣೆಯನ್ನು ಬಲವಾಗಿ ವಿರೋಧಿಸಿ, ಕೊನೆಗೆ ಮಣಿಯಬೇಕಾಯಿತು.

ವ್ಯಾಪಾರದ ದೃಷ್ಟಿಯಿಂದ ನಿರ್ಮಾಪಕರ ಲೆಕ್ಕ ಸರಿಯಾಗಿತ್ತು. ಚಿತ್ರ ಜಗತ್ತಿನಾದ್ಯಂತ ಸುಮಾರು 32 ಕೋಟಿ ಡಾಲರ್ ಗಳಿಸಿತು, 6 ಆಸ್ಕರ್ ನಾಮನಿರ್ದೇಶನಗಳನ್ನೂ ಪಡೆಯಿತು. ಆದರೆ ಕಥೆಗೆ ಆದ ನಷ್ಟ ದೊಡ್ಡದು. ಮೊದಲಿನ ಕೊನೆಯಲ್ಲಿ ಡ್ಯಾನ್ ತಾನು ಮಾಡಿದ್ದಕ್ಕೆ ಏನನ್ನಾದರೂ ತೆರಬೇಕಿತ್ತು. ಬದಲಾದ ಕೊನೆಯಲ್ಲಿ ಅವನು ಸಂಸಾರದ ಚೌಕಟ್ಟಿನೊಳಗೆ ಸುಖವಾಗಿ ಮರಳುತ್ತಾನೆ, ಕಾಯಿಲೆಯಿದ್ದ ಹೆಣ್ಣು ರಾಕ್ಷಸಿಯಾಗಿ ಸಾಯುತ್ತಾಳೆ. ಇದನ್ನು ಸ್ತ್ರೀವಾದಿ ವಿಮರ್ಶಕರು ಆಗಲೇ ಖಂಡಿಸಿದರು. ‘ಡರ್’ ಪ್ರಶ್ನೆಯ ಜೊತೆಗಿಟ್ಟು ನೋಡಿದರೆ ಇನ್ನೊಂದು ಅನ್ಯಾಯವೂ ಕಾಣುತ್ತದೆ. ಗೀಳು ಹಿಡಿದವನು ಗಂಡಾದರೆ ಅವನಿಗೆ ಹಾಡು ಮತ್ತು ಕಣ್ಣೀರು ಸಿಗುತ್ತವೆ. ಹೆಣ್ಣಾದರೆ ಚಿತ್ರಮಂದಿರವೇ ಅವಳ ಸಾವಿಗೆ ಚಪ್ಪಾಳೆ ತಟ್ಟುತ್ತದೆ.

ಪ್ರಶ್ನೆ: ಅದಕ್ಕೂ ಮುಂಚೆ ಹೆಣ್ಣಿನ ಗೀಳನ್ನು ಕುರಿತ ಥ್ರಿಲ್ಲರ್‌ಗಳು ಬಂದಿದ್ದವೇ? (ಓದುಗರು, ಹಾಸನ)

ಉತ್ತರ: ಬಂದಿದ್ದವು. 1945ರ ‘ಲೀವ್ ಹರ್ ಟು ಹೆವನ್’ ಮತ್ತು 1971ರ ‘ಪ್ಲೇ ಮಿಸ್ಟಿ ಫಾರ್ ಮಿ’ ಇವೆರಡನ್ನು ತಪ್ಪದೆ ನೋಡಿ. ಮೊದಲನೆಯದರಲ್ಲಿ ಜೀನ್ ಟಿಯರ್ನಿ ಕಪ್ಪು ಕನ್ನಡಕ ಧರಿಸಿ ದೋಣಿಯಲ್ಲಿ ಕುಳಿತು, ಗಂಡನ ಅಂಗವಿಕಲ ತಮ್ಮ ಸರೋವರದಲ್ಲಿ ಮುಳುಗುವುದನ್ನು ಅಲುಗಾಡದೆ ನೋಡುತ್ತಾಳೆ. ಗಂಡನ ಪ್ರೀತಿಯನ್ನು ಯಾರೊಂದಿಗೂ ಹಂಚಿಕೊಳ್ಳಲಾರದವಳ ಈ ಕ್ರೌರ್ಯವನ್ನು ಬೆಳಗಿನ ಬಿಸಿಲಿನಲ್ಲಿ, ಟೆಕ್ನಿಕಲರ್‌ನ ಹೊಳೆಯುವ ಬಣ್ಣಗಳಲ್ಲಿ ತೋರಿಸಿದ್ದಕ್ಕೆ ಛಾಯಾಗ್ರಾಹಕ ಲಿಯಾನ್ ಶಾಮ್ರಾಯ್ ಆಸ್ಕರ್ ಪಡೆದರು. ಎರಡನೆಯದು ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶನದ ಮೊದಲ ಚಿತ್ರ. ರೇಡಿಯೋ ನಿರೂಪಕನಿಗೆ ರಾತ್ರಿಯಲ್ಲಿ ಕರೆ ಮಾಡಿ ಒಂದೇ ಹಾಡನ್ನು ಮತ್ತೆ ಮತ್ತೆ ಕೇಳುವ ಅಭಿಮಾನಿಯಾಗಿ ಜೆಸಿಕಾ ವಾಲ್ಟರ್ ನಟಿಸಿದ್ದಾರೆ. ‘ಫೇಟಲ್ ಅಟ್ರಾಕ್ಷನ್’ಗಿಂತ 16 ವರ್ಷ ಮೊದಲೇ ಅದರ ಬಹುಪಾಲು ಹಂದರ ಇಲ್ಲಿ ಸಿದ್ಧವಾಗಿತ್ತು.

ಪ್ರಶ್ನೆ: ಇಂಥ ಪಾತ್ರಗಳಿಗೆ ಇರುವುದು ಪ್ರೀತಿಯೇ, ಕಾಯಿಲೆಯೇ? (ಶುಶ್ರೂಷಕಿ, ಬೆಂಗಳೂರು)

ಉತ್ತರ: ಎರಡು ಸ್ಥಿತಿಗಳನ್ನು ಬೇರ್ಪಡಿಸಿ ನೋಡುವುದು ಒಳ್ಳೆಯದು. ಒಬ್ಬ ವ್ಯಕ್ತಿ ತನ್ನನ್ನು ಗಾಢವಾಗಿ ಪ್ರೀತಿಸುತ್ತಿದ್ದಾನೆಂದು, ಆತನೊಂದಿಗೆ ಪರಿಚಯವೇ ಇಲ್ಲದಿದ್ದರೂ, ಕದಲದೆ ನಂಬುವ ಭ್ರಮೆಯನ್ನು ಮನೋವೈದ್ಯರು ಎರೊಟೊಮೇನಿಯಾ ಎನ್ನುತ್ತಾರೆ. ಫ್ರೆಂಚ್ ಮನೋವೈದ್ಯ ಕ್ಲೆರಾಂಬೋ 1921ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಅವರ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ. ಲೆಟಿಸಿಯಾ ಕೊಲಂಬಾನಿ ನಿರ್ದೇಶಿಸಿ, ಓದ್ರೆ ತೋತು ನಟಿಸಿದ 2002ರ ಫ್ರೆಂಚ್ ಚಿತ್ರ ‘ಹಿ ಲವ್ಸ್ ಮಿ, ಹಿ ಲವ್ಸ್ ಮಿ ನಾಟ್’ ಇದನ್ನು ಅಪರೂಪದ ರೀತಿಯಲ್ಲಿ ತೋರಿಸುತ್ತದೆ. ಮೊದಲರ್ಧದಲ್ಲಿ ಕಲಾ ವಿದ್ಯಾರ್ಥಿನಿಯೊಬ್ಬಳು ವಿವಾಹಿತ ಹೃದ್ರೋಗತಜ್ಞನನ್ನು ಪ್ರೀತಿಸಿ ನೋಯುವ ಕಥೆಯನ್ನು ಅವಳ ಕಣ್ಣಿನಿಂದ ನೋಡುತ್ತೇವೆ. ಬಳಿಕ ಚಿತ್ರ ಹಿಂದಕ್ಕೆ ಓಡಿ, ಅದೇ ಘಟನೆಗಳನ್ನು ಅವನ ಕಡೆಯಿಂದ ಮತ್ತೆ ಹೇಳುತ್ತದೆ. ಆಗ ಅವನಿಗೆ ಅವಳು ಯಾರೆಂಬುದೇ ತಿಳಿದಿರಲಿಲ್ಲ ಎಂಬುದು ನಮಗೆ ಅರಿವಾಗುತ್ತದೆ.

ಆದರೆ ತಿರಸ್ಕಾರವನ್ನು ಸಹಿಸಲಾರದೆ ಬೆನ್ನು ಹತ್ತುವವರೆಲ್ಲರೂ ರೋಗಿಗಳಲ್ಲ. ಎದುರಿನವರು ಒಲ್ಲೆನೆಂದದ್ದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಅದನ್ನು ಒಪ್ಪುವ ಮನಸ್ಸಿರುವುದಿಲ್ಲ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರಿಗೂ ಹಾನಿ ಮಾಡುವವರಲ್ಲ. ಈ ಚಿತ್ರಗಳು ಕಾಯಿಲೆಗೂ ಕೊಲೆಗೂ ನೇರ ಗಂಟು ಹಾಕಿ ಅವರ ಬದುಕನ್ನು ಇನ್ನಷ್ಟು ಕಷ್ಟಕ್ಕೆ ದೂಡಿವೆ. ಗೀಳಿನ ಯೋಚನೆಗಳಿಂದ ನಿಜವಾಗಿ ನರಳುತ್ತಿರುವವರು ನಿಮ್ಮ ಬಳಿ ಬಂದರೆ, ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದೆಂದು ತಿಳಿಸಿ.

ಪ್ರಶ್ನೆ: ಸಿನಿಮಾಗಳಲ್ಲಿ ಪೊಲೀಸರು ಯಾವಾಗಲೂ ಕೈಚೆಲ್ಲುತ್ತಾರೆ. ವಾಸ್ತವದಲ್ಲಿ ಇದಕ್ಕೆ ಕಾನೂನೇ ಇಲ್ಲವೇ? ನನ್ನ ಗೆಳತಿಯೊಬ್ಬಳನ್ನು ಒಬ್ಬ ಹುಡುಗ ತಿಂಗಳುಗಳಿಂದ ಹಿಂಬಾಲಿಸುತ್ತಿದ್ದಾನೆ, ಅದಕ್ಕಾಗಿ ಕೇಳುತ್ತಿದ್ದೇನೆ. (ಸ್ನಾತಕೋತ್ತರ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಆ ಚಿತ್ರಗಳು ಬಂದ ಕಾಲದಲ್ಲಿ ಅವು ತೋರಿಸಿದ್ದು ಸತ್ಯವೇ ಆಗಿತ್ತು. ‘ಫೇಟಲ್ ಅಟ್ರಾಕ್ಷನ್’ನಲ್ಲಿ ಡ್ಯಾನ್ ತನ್ನ ಕಕ್ಷಿದಾರನ ತೊಂದರೆಯೆಂದು ನಟಿಸಿ ಪೊಲೀಸರನ್ನು ಕೇಳಿದಾಗ ಅವರಿಂದ ನೆರವು ಸಿಗುವುದಿಲ್ಲ. ಅಮೆರಿಕದಲ್ಲಿ ಬೆನ್ನಟ್ಟಿ ಕಾಡುವುದನ್ನೇ ಅಪರಾಧವೆಂದು ಸಾರಿದ ಮೊದಲ ಕಾಯ್ದೆ ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು 1990ರಲ್ಲಿ. ‘ಡರ್’ ಬಂದಾಗ ನಮ್ಮ ದಂಡ ಸಂಹಿತೆಯಲ್ಲೂ ಅಂಥ ಪ್ರತ್ಯೇಕ ಅಪರಾಧವಿರಲಿಲ್ಲ. ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ಬಳಿಕ, 2013ರ ತಿದ್ದುಪಡಿಯಿಂದ ಭಾರತೀಯ ದಂಡ ಸಂಹಿತೆಗೆ 354ಡಿ ಕಲಂ ಸೇರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಂ ಆಗಿದೆ.

ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು, ಇಂಟರ್‌ನೆಟ್, ಇ-ಮೇಲ್ ಮುಂತಾದವುಗಳಲ್ಲಿ ಅವಳ ಮೇಲೆ ಕಣ್ಣಿಡುವುದು ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಮೊದಲ ಬಾರಿಗೆ 3 ವರ್ಷದವರೆಗೆ, ಮತ್ತೆ ಅಪರಾಧಿಯೆಂದು ಸಾಬೀತಾದರೆ 5 ವರ್ಷದವರೆಗೆ ಜೈಲು ಮತ್ತು ದಂಡವಿದೆ. ದೂರನ್ನು ಯಾವುದೇ ಠಾಣೆಯಲ್ಲಿ ಕೊಡಬಹುದು. ಅದನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕೆಂಬ ನಿಯಮವೂ ಇದೆ. ನಿಮ್ಮ ಗೆಳತಿಗೆ ಬಂದ ಸಂದೇಶ, ಕರೆಗಳ ದಾಖಲೆಯನ್ನು ಅಳಿಸದೆ ಇಟ್ಟುಕೊಳ್ಳಲು ಹೇಳಿ. ಮನೆಯವರಲ್ಲಿ ಅಥವಾ ಅಧ್ಯಾಪಕರಲ್ಲಿ ನಂಬಿಕಸ್ಥರೊಬ್ಬರಿಗೆ ವಿಷಯ ತಿಳಿದಿರಲಿ. ಅಪಾಯವೆನಿಸಿದ ಕ್ಷಣದಲ್ಲಿ 112ಕ್ಕೆ, ಸಲಹೆ ಮತ್ತು ನೆರವಿಗೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲಿ. ‘ಪಾಪ, ಅಷ್ಟು ಪ್ರೀತಿಸುತ್ತಾನಲ್ಲ’ ಎಂದು ಯಾರಾದರೂ ಅವಳಿಗೆ ಬುದ್ಧಿ ಹೇಳಲು ಬಂದರೆ ದಯವಿಟ್ಟು ನೀವು ಅವಳ ಪರವಾಗಿ ನಿಲ್ಲಿ. ನಾವು ಈ ಅಂಕಣದಲ್ಲಿ ಚರ್ಚಿಸುತ್ತಿರುವ ಚಿತ್ರಗಳಿಂದಲೇ ಆ ಮಾತು ಬಹಳ ಮಟ್ಟಿಗೆ ಬಳಕೆಗೆ ಬಂದಿದೆ.

ಪ್ರಶ್ನೆ: ಮದುವೆಯ ಒಳಗೇ ಇರುವ ಗೀಳನ್ನು ಯಾರೂ ಸಿನಿಮಾ ಮಾಡಲಿಲ್ಲವೇ? (ಗೃಹಿಣಿ, ಶಿರಸಿ)

ಉತ್ತರ: ಜೂಲಿಯಾ ರಾಬರ್ಟ್ಸ್ ನಟಿಸಿದ 1991ರ ‘ಸ್ಲೀಪಿಂಗ್ ವಿತ್ ದಿ ಎನಿಮಿ’ ಅಂಥದ್ದು. ಅದರ ಗಂಡನಿಗೆ ಸ್ನಾನದ ಕೋಣೆಯ ಟವೆಲುಗಳು ಒಂದೇ ಅಳತೆಯಲ್ಲಿ ಸಾಲಾಗಿ ತೂಗುತ್ತಿರಬೇಕು, ಅಡುಗೆಮನೆಯ ಡಬ್ಬಿಗಳ ಚೀಟಿಗಳು ಮುಂದಕ್ಕೇ ಮುಖ ಮಾಡಿರಬೇಕು, ತಪ್ಪಿದರೆ ಹೊಡೆತ. ತಾನು ಮುಳುಗಿ ಸತ್ತಂತೆ ನಟಿಸಿ ತಪ್ಪಿಸಿಕೊಂಡು ಬೇರೆ ಊರಿನಲ್ಲಿ ನೆಲೆಸಿದ ಅವಳು ಒಂದು ರಾತ್ರಿ ತನ್ನ ಮನೆಯ ಟವೆಲುಗಳು ಸಾಲಾಗಿ ಜೋಡಿಸಿರುವುದನ್ನು ಕಾಣುತ್ತಾಳೆ. ಅವನು ಇನ್ನೂ ತೆರೆಯ ಮೇಲೆ ಬಂದಿರುವುದಿಲ್ಲ, ಆದರೂ ನಮ್ಮ ಮೈ ನಡುಗುತ್ತದೆ. ಮೊದಲಿನಿಂದಲೂ ಅವಳ ಜೊತೆಗಿದ್ದುದರಿಂದ ಟವೆಲಿನ ಅರ್ಥ ನಮಗೂ ಗೊತ್ತು. ಇದೇ ಹಂದರವನ್ನು ಬಳಸಿಕೊಂಡ ಹಿಂದಿಯ ‘ಅಗ್ನಿಸಾಕ್ಷಿ’ (1996) ಚಿತ್ರದ ಗಂಡನ ಪಾತ್ರಕ್ಕೆ ನಾನಾ ಪಾಟೇಕರ್ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ಪಡೆದರು.

ಪ್ರಶ್ನೆ: ಈ ವಸ್ತುವಿನ ಮೇಲೆ ಕನ್ನಡದಲ್ಲಿ ಕಿರುಚಿತ್ರ ಬರೆಯುತ್ತಿದ್ದೇನೆ. ಏನಾದರೂ ಸಲಹೆ ಕೊಡುತ್ತೀರಾ? (ಚಿತ್ರಕಥೆ ಬರೆಯುವ ಯುವಕ, ಹುಬ್ಬಳ್ಳಿ)

ಉತ್ತರ: ನಿಮ್ಮ ನಾಯಕಿಗೆ ಒಂದು ಕೆಲಸ, ಒಬ್ಬಿಬ್ಬರು ಗೆಳತಿಯರು, ಬೆಳಗಿನಿಂದ ಸಂಜೆಯವರೆಗಿನ ಒಂದು ದಿನಚರಿ ಇರಲಿ. ಗೀಳು ಅದನ್ನೇ ಸ್ವಲ್ಪ ಸ್ವಲ್ಪವಾಗಿ ಕಸಿಯುತ್ತದೆ. ಅವಳು ಬಸ್ಸಿನ ಸಮಯ ಬದಲಿಸುವುದು, ಫೋನನ್ನು ಮಗುಚಿ ಇಡುವುದು, ಸಂಜೆಯ ಸಂಗೀತದ ಪಾಠಕ್ಕೆ ಹೋಗುವುದನ್ನು ನಿಲ್ಲಿಸುವುದು ಇಂಥವನ್ನು ತೋರಿಸಿದರೆ ಚಾಕುವಿನ ಅಗತ್ಯ ಅಷ್ಟಾಗಿ ಬೀಳದು. ಅವಳು ಬೇಡವೆನ್ನುವ ದೃಶ್ಯವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಬರೆಯಿರಿ. ಅದು ಮಸುಕಾದರೆ ಪ್ರೇಕ್ಷಕರು ಅವನಿಗೆ ಆಸೆ ಕೊಟ್ಟವಳು ಅವಳೇ ಎಂದುಕೊಳ್ಳುತ್ತಾರೆ. ಹಿನ್ನೆಲೆ ಸಂಗೀತ ಯಾರ ಪರವಾಗಿ ಮಿಡಿಯುತ್ತಿದೆ ಎಂಬುದನ್ನು ಸಂಕಲನದ ಹಂತದಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ಬೆನ್ನು ಹತ್ತುವವನನ್ನು ಸಾಯಿಸಿ ಕಥೆ ಮುಗಿಸುವ ದಾರಿ ಬಹಳ ಸುಲಭದ್ದು. ಅವನು ಬದುಕಿರುವಾಗಲೇ ಅವಳು ಮರಳಿ ಕೆಲಸಕ್ಕೆ ಹೋಗುವುದು ಹೇಗೆಂಬುದನ್ನು ಯೋಚಿಸಿ ನೋಡಿ.

ಮೊದಲ ಕರಡನ್ನು ಪೂರ್ತಿಯಾಗಿ ಅವಳ ಕಡೆಯಿಂದ, ಅವಳಿಗೆ ತಿಳಿದಷ್ಟನ್ನೇ ಇಟ್ಟುಕೊಂಡು ಬರೆಯಿರಿ. ಅವನ ಕಡೆಯ ದೃಶ್ಯಗಳು ಬೇಕೇ, ಬೇಕಾದರೆ ಎಷ್ಟು ಮತ್ತು ಎಲ್ಲಿ ಎಂಬುದನ್ನು ಎರಡನೆಯ ಕರಡಿನಲ್ಲಿ ನಿರ್ಧರಿಸಬಹುದು.